ಸುಳ್ಳು ಬೇರೆ, ಮೋಸ ಬೇರೆ

2023ರ ಸೆಪ್ಟೆಂಬರ್ 6ರಂದು ನಟಿ ರಮ್ಯಾ ತೀರಿಕೊಂಡರೆಂಬ ಸುದ್ದಿ ಕೆಲವೇ ಗಂಟೆಗಳಲ್ಲಿ ನಾಡೆಲ್ಲ ಸುತ್ತಿತು. ಹೃದಯಾಘಾತವೆಂದು ಕಾರಣವನ್ನೂ ಸೇರಿಸಿದ್ದರು. ರಮ್ಯಾ ಆಗ ಯುರೋಪಿನಲ್ಲಿ ಆರಾಮವಾಗಿದ್ದರು. ಜಿನೀವಾದಲ್ಲಿ ಅವರ ಜೊತೆ ಊಟ ಮಾಡಿದ್ದಾಗಿ ಪತ್ರಕರ್ತೆ ಚಿತ್ರಾ ಸುಬ್ರಮಣಿಯಂ ಬರೆದ ಮೇಲೆ ಗದ್ದಲ ತಣ್ಣಗಾಯಿತು. ಅದಕ್ಕೂ ಒಂದು ತಿಂಗಳ ಹಿಂದೆ ನಟ ವಿಜಯ ರಾಘವೇಂದ್ರ ಅವರ ಪತ್ನಿ ಸ್ಪಂದನಾ ಬ್ಯಾಂಕಾಕಿನಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು. ರಮ್ಯಾ ಅವರ ಇನ್ನೊಂದು ಹೆಸರು ದಿವ್ಯ ಸ್ಪಂದನ. ಯಾರೋ ಎರಡು ಹೆಸರನ್ನು ಕಲಸಿದರು, ಉಳಿದವರು ಹಂಚಿದರು ಎಂಬುದೇ ಹೆಚ್ಚು ಸಂಭವ.

ಇದು ಸುಳ್ಳು, ಸಂದೇಹವಿಲ್ಲ. ಆದರೆ ಮೋಸವೆ? ಹಂಚಿದವರಲ್ಲಿ ಬಹುಪಾಲು ಜನ ನಿಜವಾಗಿ ಮರುಗಿದವರು. ಅವಸರದ ಮರುಕವೂ ಒಂದು ತಪ್ಪೇ, ಆದರೆ ಅದು ಹೊಂಚಲ್ಲ.

ಇದಕ್ಕೆ ತಿರುಗುಮುರುಗಾದದ್ದು ನಟ ಪುನೀತ್ ರಾಜ್‌ಕುಮಾರ್ ಪ್ರಕರಣ. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡದ್ದು ನಿಜ. ಆಮೇಲೆ ಹರಿದಾಡಿದ ಕೊನೆಯ ದಿನದ ಸಿಸಿಟಿವಿ ದೃಶ್ಯವೂ ನಿಜ. ಅದರ ಕೆಳಗೆ ಬರೆದ ಸಾಲುಗಳು ಮಾತ್ರ ಬರೆದವರ ಸ್ವಂತದವು: ಜಿಮ್ ಕೊಂದಿತು, ಲಸಿಕೆ ಕೊಂದಿತು, ವೈದ್ಯರು ತಡಮಾಡಿದರು. ಕುಟುಂಬ ವೈದ್ಯರ ಮೇಲೆ ಪೊಲೀಸರಿಗೆ ದೂರು ಹೋಯಿತು, ಅವರಿಗೆ ರಕ್ಷಣೆ ಕೊಡಬೇಕಾಯಿತು. ನಿಜದ ಚಿತ್ರಕ್ಕೆ ಬೇಕಾದ ಅರ್ಥ ಹೊಲಿಯುವ ಈ ಕೆಲಸ ಅಪ್ಪಟ ಸುಳ್ಳಿಗಿಂತ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಸುಳ್ಳು ಸುದ್ದಿಗೆ ಬದುಕಿರುವವರೇ ಬಂದು ಉತ್ತರ ಕೊಡಬಹುದು. ನಿಜದ ವಿಡಿಯೊಗೆ ಅಂಟಿದ ಆರೋಪವನ್ನು ಕೀಳುವುದು ಹಾಗೆ ಸುಲಭವಲ್ಲ.

ಆ ವಾರವೇ ಬಂದ ಇನ್ನೊಂದು ಸುದ್ದಿ ಕೇಳುವುದಕ್ಕೆ ಅಭಿಮಾನಿಯ ಉತ್ಪ್ರೇಕ್ಷೆಯಂತಿತ್ತು: ಪುನೀತ್ ಅವರ ಎರಡು ಕಣ್ಣು ನಾಲ್ವರಿಗೆ ದೃಷ್ಟಿ ಕೊಟ್ಟಿವೆ! ಅದು ಅಕ್ಷರಶಃ ನಿಜವಾಗಿತ್ತು. ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯಾವನ್ನೂ ಮುಂಪದರ, ಹಿಂಪದರ ಎಂದು ಬೇರ್ಪಡಿಸಿ ನಾಲ್ಕು ಜನರಿಗೆ ಜೋಡಿಸಿದ್ದರು. ಆಸ್ಪತ್ರೆ ತನ್ನ ಹೆಸರಿನಲ್ಲಿ, ಮಾಡಿದ ವಿಧಾನವನ್ನೂ ವಿವರಿಸಿ ಹೇಳಿತು. ಆ ಪೋಸ್ಟುಗಳೂ ಕಣ್ಣೀರು ತರಿಸಿದವು, ನೇತ್ರದಾನಕ್ಕೆ ಹೆಸರು ಬರೆಸಿದವರು ಏರಿದರು. ಹಾಗಾಗಿ ಭಾವನೆ ಕೆರಳಿಸಿತು ಎಂಬ ಒಂದೇ ಕಾರಣಕ್ಕೆ ಏನನ್ನೂ ಮೋಸವೆನ್ನಲಾಗದು. ನಂಬಲಾಗುತ್ತಿಲ್ಲ ಎಂಬ ಕಾರಣಕ್ಕೆ ಸುಳ್ಳೆನ್ನಲೂ ಆಗದು.

ಹಾಗಾದರೆ ಅಳೆಯುವುದು ಹೇಗೆ? ಈ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ. ಕಡೂರಿನ ತೆಂಗಿನವರು, ಅಜ್ಜಂಪುರದ ಈರುಳ್ಳಿಯವರು, ತರೀಕೆರೆಯ ಅಡಿಕೆಯವರು ದಿನವೂ ವಾಟ್ಸ್ಆ್ಯಪಿನಲ್ಲಿ ಧಾರಣೆ ನೋಡುತ್ತಾರೆ. ‘ರಾಶಿ ಅಡಿಕೆ ಇಳಿದಿದೆ’ ಎಂದು ಬಂದರೆ ಬೆಳೆಗಾರ ತಕ್ಷಣ ಗೊರಬಲು ಚೀಲವನ್ನೂ ಎತ್ತುವುದಿಲ್ಲ. ಯಾವ ಮಾರುಕಟ್ಟೆ, ಶಿವಮೊಗ್ಗವೊ ಚನ್ನಗಿರಿಯೊ? ಇವತ್ತಿನದೊ ಮೊನ್ನೆಯದೊ? ಗರಿಷ್ಠವೊ ಸರಾಸರಿಯೊ? ಎಲ್ಲಕ್ಕಿಂತ ಮುಖ್ಯವಾಗಿ, ಹಾಕಿದವನು ಯಾರು? ತೋಟವನ್ನು ಖೇಣಿ ಹಿಡಿಯುವವನೇ ಧಾರಣೆ ಬಿದ್ದಿದೆ ಎಂದು ಹಾಕಿದರೆ ಅವನ ಲೆಕ್ಕ ಏನೆಂದು ಬೆಳೆಗಾರನಿಗೆ ಗೊತ್ತು. ಅದೇ ಮನುಷ್ಯ ಅದೇ ಗುಂಪಿನಲ್ಲಿ ನಟನ ವಿಚ್ಛೇದನದ ಸುದ್ದಿ ಕಂಡಾಗ ಒಂದು ಪ್ರಶ್ನೆಯನ್ನೂ ಕೇಳದೆ ಮುಂದಕ್ಕೆ ತಳ್ಳುತ್ತಾನೆ. ತಪ್ಪಿದರೆ ನಷ್ಟ ತನ್ನದಲ್ಲವಲ್ಲ!

ಹೇಳಿದ ಮಾತು ಯಾವುದು, ಅದಕ್ಕೆ ಅಂಟಿಸಿದ ಅರ್ಥ ಯಾವುದು ಎಂದೂ ಕೇಳಬೇಕು. ಬೀರೂರಿನಲ್ಲಿ ದಸರೆಯ ಹೊತ್ತಿಗೆ ನಡೆಯುವ ಮೈಲಾರಲಿಂಗನ ಕಾರ್ಣಿಕವನ್ನೇ ತೆಗೆದುಕೊಳ್ಳಿ. ನುಡಿದ ಮಾತು ಸಾವಿರಾರು ಜನರ ಕಿವಿಗೆ ಬಿದ್ದದ್ದು. ‘ಇದು ಇಂಥ ನಾಯಕನ ಕುರ್ಚಿಯ ವಿಷಯ’ ಎಂಬ ವ್ಯಾಖ್ಯಾನ ಮಾತ್ರ ಮೊಬೈಲಿನಲ್ಲಿ ಹುಟ್ಟುವಂಥದ್ದು. ಎರಡನ್ನೂ ಒಂದೇ ಉಸಿರಿನಲ್ಲಿ ನಂಬಬೇಕಾಗಿಲ್ಲ.

ಯಾರಿಗೆ ಲಾಭ ಎಂಬ ಪ್ರಶ್ನೆಗೆ ಉತ್ತರ ಯಾವಾಗಲೂ ದುಡ್ಡೇ ಆಗಿರುವುದಿಲ್ಲ. 2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೊಗೆ ಅಂಟಿಸಿ ಹರಿಬಿಟ್ಟರು. ದೆಹಲಿ ಪೊಲೀಸರು ಕೊನೆಗೆ ಹಿಡಿದದ್ದು ರಶ್ಮಿಕಾ ಅವರದೇ ಅಭಿಮಾನಿ ಪುಟ ನಡೆಸುತ್ತಿದ್ದ ಆಂಧ್ರದ ಯುವಕನನ್ನು. ಪುಟಕ್ಕೆ ಹಿಂಬಾಲಕರು ಹೆಚ್ಚಲಿ ಎಂದು ಮಾಡಿದನಂತೆ. ಅಭಿಮಾನಿ ಪುಟ ಹೇಳಿದ್ದರಿಂದ ನಿಜವಿರಬೇಕು ಎನ್ನುವವರು ಇದನ್ನು ನೆನಪಿಡಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಇನ್ಫೋಸಿಸ್ ನಾರಾಯಣಮೂರ್ತಿಯವರು ಟ್ರೇಡಿಂಗ್ ಆ್ಯಪ್‌ಗಳನ್ನು ಹೊಗಳಿದಂತೆ ಬಂದವೆಲ್ಲ ನಕಲಿ ಎಂದು ಅವರೇ ಎಚ್ಚರಿಸಬೇಕಾಯಿತು. ಅಲ್ಲಿ ಗುರಿ ನೇರವಾಗಿ ಜೇಬು. ಹಾಗೆ ಹಣ ಹೋದವರು ನಾಚಿಕೊಂಡು ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

2000ದಲ್ಲಿ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು 108 ದಿನ ಕಾಡಿನಲ್ಲಿಟ್ಟಾಗಲೂ ವದಂತಿಗಳಿಗೆ ಬರವಿರಲಿಲ್ಲ. ಆದರೆ ಕಾಡಿನಿಂದ ಬಂದ ಕ್ಯಾಸೆಟ್ಟಿನ ಧ್ವನಿಯನ್ನು ಜನ ಸಾಕ್ಷಿಯೆಂದು ನಂಬಬಹುದಿತ್ತು. ಇಂದು ಧ್ವನಿ, ಮುಖ ಎರಡೂ ಸಾಕ್ಷಿಯಾಗಿ ಉಳಿದಿಲ್ಲ.

ಅಸಲಿ ಖಾತೆಯಿಂದಲೇ ಬಂದರೆ ಸಾಕೆ? ಅದೂ ಸಾಲದು. 2025ರ ಜುಲೈನಲ್ಲಿ ನಮ್ಮ ಪಕ್ಕದ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ದಿನವೂ ಬರುತ್ತಿದ್ದಾಗ, ಲಸಿಕೆಗೆ ಅವಸರದ ಅನುಮೋದನೆ ಸಿಕ್ಕಿದ್ದೂ ಕಾರಣವಿರಬಹುದೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ತಮ್ಮ ಖಾತೆಯಲ್ಲಿ ಬರೆದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಉದ್ದುದ್ದ ಸಾಲು ನಿಂತಿತ್ತು. ಅವರದೇ ಸರ್ಕಾರದ ತಜ್ಞರ ಸಮಿತಿ ಕೆಲವೇ ದಿನಗಳಲ್ಲಿ ವರದಿ ಕೊಟ್ಟು, ಲಸಿಕೆಯ ನಂಟನ್ನು ತಳ್ಳಿಹಾಕಿತು. ಖಾತೆ ಅಸಲಿ ಎಂದರೆ ಹೇಳಿದವರು ಯಾರೆಂದು ಗೊತ್ತಾಯಿತು, ಅಷ್ಟೆ. ಹೇಳಿದ್ದಕ್ಕೆ ಆಧಾರ ಬೇರೆಯೇ ಬೇಕು.

ಗುಂಪುಗಳ ಅಡ್ಮಿನ್‌ಗಳಲ್ಲಿ ಒಂದು ಕೋರಿಕೆ. ಸುಳ್ಳೆಂದು ತಿಳಿದ ಪೋಸ್ಟನ್ನು ರಾತ್ರಿ ಸದ್ದಿಲ್ಲದೆ ಅಳಿಸಿ ಸುಮ್ಮನಾಗಬೇಡಿ, ಅಷ್ಟರಲ್ಲಿ ಅದು ಇನ್ನೆಷ್ಟು ಗುಂಪಿಗೆ ಹೋಗಿರುತ್ತದೋ! ಹಾಕಿದವರಿಂದಲೇ, ಅದೇ ಗುಂಪಿನಲ್ಲಿ, ‘ಅದು ನಿಜವಲ್ಲ’ ಎಂದು ಬರೆಸಿ. ಧಾರಣೆ ತಪ್ಪಾಗಿ ಬಿದ್ದಾಗ ಹಾಗೆ ಮಾಡಿಸುತ್ತೀರಲ್ಲವೆ?