ಓಣಿಯ ಹುಡುಗನನ್ನು ಓಣಿಯೇ ಕೇಳಲಿ

ಮುಧೋಳ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ತಾಯಿ-ತಂದೆಯರಲ್ಲಿ, ಅಂಗಡಿಕಾರರಲ್ಲಿ, ಕಟ್ಟೆಯ ಮೇಲೆ ಕೂಡುವ ಹಿರಿಯರಲ್ಲಿ ಒಂದು ವಿನಂತಿ.

ಶಾಲೆ ತಪ್ಪಿಸುವ, ಮನೆಯ ರೊಕ್ಕ ಕದಿಯುವ, ಮಾತುಮಾತಿಗೆ ಕೈಯೆತ್ತುವ ಹದಿನೈದರ ಹುಡುಗನನ್ನು ಕಂಡರೆ ‘ಕೆಟ್ಟುಹೋದ’ ಅಂದು ಸುಮ್ಮನಾಗುತ್ತೇವೆ. ಅವನ ವರ್ಷ ಹೇಗೆ ಕಳೆಯುತ್ತದೆ ನೋಡಿ. ತೊಗರಿ ರಾಶಿ ಮುಗಿದರೆ ಹೊಲದಲ್ಲಿ ಕೆಲಸವಿಲ್ಲ. ಎಷ್ಟೋ ಮನೆಗಳ ಅಪ್ಪ-ಅವ್ವ ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋಗುತ್ತಾರೆ. ಹತ್ತನೆಯ ತರಗತಿಯ ಪರೀಕ್ಷೆ ಬರುವುದೂ ಆಗಲೇ. ಹುಡುಗ ಉಳಿಯುವುದು ಆಯಿಯ ಹತ್ತಿರ. ಆಕೆಗೆ ಅವನ ಪುಸ್ತಕ ತಿಳಿಯದು, ಮೊಬೈಲಂತೂ ತಿಳಿಯುವುದೇ ಇಲ್ಲ. ಹಬ್ಬಕ್ಕೆ ಬಂದ ಅಪ್ಪ ದೂರು ಕೇಳಿ ಬೆಲ್ಟ್ ಬಿಚ್ಚುತ್ತಾನೆ. ಸಿಟ್ಟು ಬಂದರೆ ಬಡಿಯಬೇಕು ಎಂಬ ಪಾಠವೊಂದನ್ನು ಮಗ ಅಲ್ಲಿ ಚೆನ್ನಾಗಿ ಕಲಿಯುತ್ತಾನೆ.

ದುಡಿಯಲು ಹೋಗಬೇಡಿ ಎನ್ನುವ ಹಕ್ಕು ನನಗಿಲ್ಲ. ಹೋಗುವ ಮುನ್ನ ಕಾಕಾನಿಗೋ ಸೋದರಮಾವನಿಗೋ ಪಕ್ಕದ ಮನೆಯವರಿಗೋ ಹುಡುಗನನ್ನು ಹೆಸರು ಹಿಡಿದು ಒಪ್ಪಿಸಿ. ಅವನ ಗುರುಗಳ ಫೋನ್ ನಂಬರ್ ಇಟ್ಟುಕೊಳ್ಳಿ. ರಾತ್ರಿ ಫೋನಿನಲ್ಲಿ ಅಂಕ ಕೇಳುವ ಮೊದಲು ಉಂಡೆಯಾ ಎಂದು ಕೇಳಿ.

ಉಳಿದದ್ದು ಓಣಿಯ ಕೆಲಸ. ಅಮೆರಿಕದ ಶಿಕಾಗೋದಲ್ಲಿ 343 ಬಡಾವಣೆಗಳನ್ನು ಅಭ್ಯಸಿಸಿ 1997ರಲ್ಲಿ ಪ್ರಕಟಿಸಿದ ವರದಿಯೊಂದಿದೆ. ಶಾಲೆ ತಪ್ಪಿಸಿ ಮೂಲೆಯಲ್ಲಿ ನಿಂತ ಮಕ್ಕಳನ್ನು ನೆರೆಯವರು ತಡೆದು ಕೇಳುವಂಥ, ಒಬ್ಬರನ್ನೊಬ್ಬರು ನಂಬುವಂಥ ಕಡೆ, ಬಡತನ ಇದ್ದಾಗಲೂ ಹೊಡೆದಾಟ ಕಡಿಮೆಯಿತ್ತು. ನಮ್ಮಲ್ಲಿ ಹಿಂದೆ ಇದಕ್ಕೆ ಯಾರೂ ವರದಿ ಬರೆಯಲಿಲ್ಲ, ಸುಮ್ಮನೆ ಕಿವಿ ಹಿಂಡುತ್ತಿದ್ದರು! ಈಗ ‘ಅವರ ಮಗ, ನಮಗ್ಯಾಕೆ’ ಎನ್ನುತ್ತೇವೆ. ಕಿವಿ ಹಿಂಡುವುದು ಬೇಡ; ‘ಯಾಕಪ್ಪ, ಸಾಲಿಗೆ ಹೋಗಿಲ್ಲ?’ ಎಂದು ನಿಂತು ಕೇಳಿದರೆ ಸಾಕು.

ಅಂಗಡಿಕಾರ ಅಣ್ಣಂದಿರೇ, ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿ ಕೊಟ್ಟರೆ ಹುಡುಗನ ಬಾಯಲ್ಲಿ ಎರಡೂ ಒಂದೇ. ಹದಿನೆಂಟು ತುಂಬದವರಿಗೆ ತಂಬಾಕು, ಸೆರೆ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಂತೆ ಏಳು ವರ್ಷದವರೆಗೆ ಜೈಲು, ಲಕ್ಷ ರೂಪಾಯಿವರೆಗೆ ದಂಡ. ‘ಅಪ್ಪ ತರಲು ಹೇಳಿದ್ದಾನೆ’ ಎಂದು ಬಂದರೂ ಕೊಡಬೇಡಿ. ಅಪ್ಪಂದಿರೇ, ನೀವೂ ಕಳಿಸಬೇಡಿ.

ಮನೆಯಲ್ಲಿ ಹೊಡೆತ ಮಿತಿಮೀರಿದರೆ 1098ಕ್ಕೆ ಕರೆ ಮಾಡಿ, ಮಕ್ಕಳೂ ಮಾಡಬಹುದು. ಗ್ರಾಮ ಪಂಚಾಯಿತಿಯವರಿಗೊಂದು ಮಾತು: ಮಕ್ಕಳ ಗ್ರಾಮಸಭೆಗೆ ಭಾಷಣ ಬಾಯಿಪಾಠ ಮಾಡಿದ ಜಾಣರನ್ನಷ್ಟೇ ಕೂಡಿಸಬೇಡಿ. ಸಾಲಿ ಬಿಟ್ಟು ಪರ್ಸಿ ಗಣಿಯ ಕಡೆ, ಗ್ಯಾರೇಜಿನ ಕಡೆ ತಿರುಗುವವರನ್ನೂ ಕರೆಸಿ, ಮೊದಲು ಅವರಿಗೇ ಮೈಕ್ ಕೊಡಿ.