ನಿಗಾ ಮತ್ತು ಆರೈಕೆ: ಸೆನ್ಸರ್‌ಗಳ ಬಳಕೆಗೆ ಮೂರು ಪ್ರಶ್ನೆಗಳು

ಸೆನ್ಸರ್ ಎಂದರೆ ದೇಹದಲ್ಲೋ ಸುತ್ತಲ ಪರಿಸರದಲ್ಲೋ ಆಗುವ ಬದಲಾವಣೆಯನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಸಾಧನ. ಒಂದು ಕಾಲಕ್ಕೆ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಷ್ಟೇ ಕಾಣಸಿಗುತ್ತಿದ್ದ ಇಂಥ ಸಾಧನಗಳು ಈಗ ಮಣಿಕಟ್ಟಿಗೆ, ಹಾಸಿಗೆಯಡಿಗೆ, ಬಾಗಿಲ ಚೌಕಟ್ಟಿಗೆ ಬಂದಿವೆ. ಬೆಲೆ ಇಳಿದದ್ದು ಇದಕ್ಕೆ ಒಂದು ಕಾರಣ, ಮನೆಗಳ ಸ್ವರೂಪ ಬದಲಾದದ್ದು ಇನ್ನೊಂದು. 2011ರ ಜನಗಣತಿಯ ವೇಳೆಗೇ ಭಾರತದಲ್ಲಿ 60 ವರ್ಷ ದಾಟಿದವರ ಸಂಖ್ಯೆ 10 ಕೋಟಿ ಮೀರಿತ್ತು. ಹೆತ್ತವರು ಊರಲ್ಲಿ, ದುಡಿಯುವ ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಸಂಸಾರಗಳಿಗೆ ದೂರದಿಂದಲೇ ಯೋಗಕ್ಷೇಮ ತಿಳಿಸುವ ಸಾಧನ ದೊಡ್ಡ ಆಸರೆಯಾಗಿ ತೋರುವುದು ಸಹಜ. ಆದರೆ ಸಾಧನ ಕೂರಿಸಿದ ಮಾತ್ರಕ್ಕೆ ಆರೈಕೆ ಆಗಿಬಿಡುವುದಿಲ್ಲ. ಅದು ನಿಜವಾಗಿ ಅಳೆಯುವುದೇನು, ಅದರ ಸೂಚನೆ ಯಾರ ಕೈ ಸೇರುತ್ತದೆ, ನಿಗಾಕ್ಕೆ ಒಳಗಾದವರ ಒಪ್ಪಿಗೆ ಇದೆಯೇ ಎಂಬ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರವೇ ಅದರ ಯೋಗ್ಯತೆಯನ್ನು ನಿರ್ಧರಿಸುತ್ತದೆ.

ಮೊದಲನೆಯದು ಅಳತೆಯ ಪ್ರಶ್ನೆ. ಸೆನ್ಸರ್ ರೋಗವನ್ನು ನೇರವಾಗಿ ಕಾಣಲಾರದು. ರೋಗದ ಜೊತೆ ಬರುವ ಯಾವುದೋ ಕುರುಹನ್ನು ಹಿಡಿದು ಲೆಕ್ಕ ಹಾಕುತ್ತದೆ. ಕೋವಿಡ್ ಕಾಲದಲ್ಲಿ ಮನೆಮಾತಾದ ಪಲ್ಸ್ ಆಕ್ಸಿಮೀಟರನ್ನೇ ನೋಡಬಹುದು. ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ 1970ರ ದಶಕದ ಆರಂಭದಲ್ಲಿ ಕಂಡುಕೊಂಡ ತತ್ತ್ವ ಅದರ ಆಧಾರ. ಕೆಂಪು ಮತ್ತು ಅವಕೆಂಪು ಬೆಳಕು ಬೆರಳಿನೊಳಗೆ ಹಾಯುತ್ತವೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅವಕೆಂಪನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಬಿಟ್ಟುಕೊಟ್ಟದ್ದು ಕೆಂಪನ್ನು ಹೆಚ್ಚು ಹೀರುತ್ತದೆ. ನಾಡಿ ಮಿಡಿದಂತೆ ಏರಿಳಿಯುವ ಈ ಎರಡರ ಅನುಪಾತವೇ ಪರದೆಯ ಮೇಲೆ ಶೇಕಡಾ ಅಂಕಿಯಾಗಿ ಮೂಡುತ್ತದೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಗಾಢ ಬಣ್ಣವಿದ್ದರೆ, ಕೈ ಅಲುಗಿದರೆ ಲೆಕ್ಕ ತಪ್ಪಬಹುದು. ಮೈಬಣ್ಣಕ್ಕೂ ಇದರಲ್ಲಿ ಪಾಲಿದೆ. ರಕ್ತದಲ್ಲಿ ಆಮ್ಲಜನಕ ಕುಸಿದಿದ್ದರೂ ಮೀಟರ್ ಅದನ್ನು ಹಿಡಿಯದೆ ಹೋದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪುವರ್ಣದ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚೆಂದು ಅಮೆರಿಕದ ಅಧ್ಯಯನವೊಂದು 2020ರಲ್ಲಿ ತೋರಿಸಿತು. ಮಧುಮೇಹಿಗಳು ತೋಳಿಗೆ ಅಂಟಿಸಿಕೊಳ್ಳುವ ಗ್ಲುಕೋಸ್ ಸೆನ್ಸರಿಗೂ ಇಂಥದೇ ಮಿತಿಯಿದೆ. ಅದು ಅಳೆಯುವುದು ಚರ್ಮದಡಿಯ ಅಂಗಾಂಶ ದ್ರವವನ್ನು. ಹಾಗಾಗಿ ರಕ್ತದ ಸಕ್ಕರೆ ಸರಸರನೆ ಇಳಿಯುವಾಗ ಅದರ ಅಂಕಿ ಕೆಲವು ನಿಮಿಷ ಹಿಂದೆ ಬೀಳುತ್ತದೆ. ಅಂಕಿ ಸರಿಯಿದ್ದೂ ರೋಗಿ ಏದುಸಿರು ಬಿಡುತ್ತಿದ್ದರೆ, ಬೆವರಿ ನಡುಗುತ್ತಿದ್ದರೆ ನಂಬಬೇಕಾದದ್ದು ರೋಗಿಯನ್ನು.

ಎರಡನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು: ಸೂಚನೆ ಬಂದಾಗ ಯಾರು ಏನು ಮಾಡಬೇಕು? ಬೆಂಗಳೂರಿನ ಬೆಂಪು ಸಂಸ್ಥೆ ರೂಪಿಸಿದ ನವಜಾತ ಶಿಶುಗಳ ಕೈಬಳೆ ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತದೆ. ತೂಕ ಕಡಿಮೆಯಿರುವ ಶಿಶುವಿನ ಮೈಯಲ್ಲಿ ಕೊಬ್ಬು ಕಡಿಮೆ. ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು. ಆದ್ದರಿಂದ ಮೈ ಬೇಗ ತಣ್ಣಗಾಗುತ್ತದೆ. 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅಪಾಯ ಶುರುವಾಗುತ್ತದೆ. ಉಷ್ಣಾಂಶ ಸರಿಯಿರುವಷ್ಟು ಹೊತ್ತು ಬಳೆಯಲ್ಲಿ ನೀಲಿ ದೀಪ ಮಿನುಗುತ್ತದೆ, ಇಳಿದಾಗ ಕಿತ್ತಳೆ ದೀಪ ಹೊತ್ತಿ ಸದ್ದಾಗುತ್ತದೆ. ಸದ್ದು ಕೇಳಿದ ತಾಯಿ ಮಗುವನ್ನು ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಅಪ್ಪಿಕೊಂಡು ಹೊದಿಸಿದರೆ ಕಾವು ಮರಳುತ್ತದೆ. ಓದುಬರಹ, ಫೋನು, ಇಂಟರ್ನೆಟ್ ಯಾವುದೂ ಬೇಡ. ಅಳೆಯುವುದು ಒಂದನ್ನೇ, ಸೂಚನೆ ಸೇರುವುದು ಮಗುವಿನ ಪಕ್ಕದಲ್ಲಿರುವವರನ್ನೇ, ಮಾಡಬೇಕಾದ ಕೆಲಸ ಅವರ ಕೈಯಲ್ಲೇ ಇದೆ. ಸೂಚನೆಗೂ ಪರಿಹಾರಕ್ಕೂ ನಡುವಿನ ಈ ದಾರಿ ಉದ್ದವಾದಷ್ಟೂ ಸಾಧನದ ಪ್ರಯೋಜನ ಕುಗ್ಗುತ್ತದೆ.

ದಾರಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಆಸ್ಪತ್ರೆಗಳ ಅನುಭವವೇ ಸಾಕ್ಷಿ. ಮಾನಿಟರುಗಳ ಎಚ್ಚರಿಕೆ ಸದ್ದುಗಳಲ್ಲಿ ಬಹುಪಾಲು ಸುಳ್ಳೆಚ್ಚರಿಕೆಗಳಾಗಿದ್ದಾಗ ದಾದಿಯರ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ, ಕೆಲವೆಡೆ ಸದ್ದನ್ನೇ ಅಡಗಿಸಿಡುತ್ತಾರೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ 2013ರಲ್ಲಿ ಈ ಕುರಿತು ಎಚ್ಚರಿಕೆ ಹೊರಡಿಸಿತು. 2009ರ ಜನವರಿಯಿಂದ 2012ರ ಜೂನ್‌ವರೆಗೆ ಇಂಥ ಸೂಚನೆಗಳಿಗೆ ಸಂಬಂಧಿಸಿದ 98 ಪ್ರಕರಣಗಳು ಅದರ ಗಮನಕ್ಕೆ ಬಂದಿದ್ದವು. ಅವುಗಳಲ್ಲಿ 80 ಸಾವಿನಲ್ಲಿ ಮುಗಿದಿದ್ದವು. ಸಾಧನಗಳ ಕೊರತೆ ಅಲ್ಲಿರಲಿಲ್ಲ, ಓಗೊಡುವ ವ್ಯವಸ್ಥೆ ಸೋತಿತ್ತು. ಭಾರತದ ಸಾಮಾನ್ಯ ವಾರ್ಡುಗಳ ಪರಿಸ್ಥಿತಿ ಬೇರೆ. ಅಲ್ಲಿ ಒಬ್ಬ ದಾದಿ ಹಲವು ರೋಗಿಗಳನ್ನು ನೋಡಿಕೊಳ್ಳಬೇಕು, ನಾಡಿ ಉಸಿರುಗಳ ಲೆಕ್ಕ ಕೆಲವು ಗಂಟೆಗಳಿಗೊಮ್ಮೆ ಮಾತ್ರ ಸಿಗುತ್ತದೆ. ಬೆಂಗಳೂರಿನದೇ ಆದ ಡೋಜೀ ಸಂಸ್ಥೆಯ ಹಾಳೆಯಂಥ ಸೆನ್ಸರನ್ನು ಹಾಸಿಗೆಯಡಿ ಇಟ್ಟರೆ ಹೃದಯ ಬಡಿದಾಗ, ಉಸಿರಾಡಿದಾಗ ಉಂಟಾಗುವ ಸೂಕ್ಷ್ಮ ಕಂಪನಗಳಿಂದಲೇ ನಿರಂತರ ಮಾಹಿತಿ ದೊರೆಯುತ್ತದೆ. ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಅದನ್ನು ದಾದಿಯರ ಸಂಖ್ಯೆ ಕಡಿತಗೊಳಿಸಲು ನೆಪ ಮಾಡಿಕೊಂಡರೆ, ರೋಗಿ ಹದಗೆಡುತ್ತಿರುವುದು ಬೇಗ ತಿಳಿದರೂ ಓಡಿಬರುವವರೇ ಇರುವುದಿಲ್ಲ.

ಮೂರನೆಯದು ಒಪ್ಪಿಗೆಯ ಪ್ರಶ್ನೆ. ಮನೆಯ ನಿಗಾ ವ್ಯವಸ್ಥೆಯ ಹಣ ಕೊಡುವವರು ಮಕ್ಕಳು, ನಿಗಾಕ್ಕೆ ಒಳಗಾಗುವವರು ಹೆತ್ತವರು. ಜಪಾನಿನ ಜೊಜಿರುಶಿ ಕಂಪನಿ 2001ರಲ್ಲಿ ಒಂಟಿ ವೃದ್ಧರಿಗಾಗಿ ಐ-ಪಾಟ್ ಎಂಬ ಬಿಸಿನೀರಿನ ಪಾತ್ರೆಯ ಸೇವೆ ಆರಂಭಿಸಿತು. ಚಹಾಕ್ಕೆಂದು ನೀರು ಬಗ್ಗಿಸಿಕೊಂಡ ವಿವರ ದೂರದ ಮಕ್ಕಳಿಗೆ ತಲುಪುತ್ತದೆ. ದಿನವಿಡೀ ಬಳಕೆ ಇಲ್ಲದಿದ್ದರೆ ವಿಚಾರಿಸಬೇಕೆಂದು ಅವರಿಗೆ ತಿಳಿಯುತ್ತದೆ. ಮಲಗುವ ಕೋಣೆಯ ಕ್ಯಾಮೆರಾ ಕೂಡ ಇದೇ ಸುದ್ದಿ ಮುಟ್ಟಿಸುತ್ತದೆ, ಆದರೆ ಬಟ್ಟೆ ಬದಲಿಸುವುದು, ಅಳುವುದು, ಪ್ರಾರ್ಥಿಸುವುದು ಎಲ್ಲವನ್ನೂ ಬಯಲಿಗಿಡುತ್ತದೆ. ಅಗತ್ಯಕ್ಕಿಂತ ಹೆಚ್ಚು ನೋಡುವ ಸಾಧನ ಮುದುಕರ ಮಾನವನ್ನು ಕಸಿಯುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ದತ್ತಾಂಶ ಬಳಕೆಯ ಮುಖ್ಯ ಆಧಾರವಾಗಿಸಿದೆ. ಕಂಪನಿಗಳಿಗೆ ಅನ್ವಯಿಸುವ ಈ ನೀತಿಯನ್ನು ಮನೆಯೊಳಗೆ ಪಾಲಿಸಬೇಕಾದವರು ಕುಟುಂಬದವರು.

ಮಾಹಿತಿ ಹೆಚ್ಚಿದ್ದಷ್ಟೂ ರಕ್ಷಣೆ ಹೆಚ್ಚಲ್ಲವೇ ಎಂಬ ಆಕ್ಷೇಪಕ್ಕೆ ಹುರುಳಿದೆ. ಮಧುಮೇಹ, ಹೃದ್ರೋಗಗಳಲ್ಲಿ ದಿನಗಟ್ಟಲೆಯ ದಾಖಲೆ ಚಿಕಿತ್ಸೆಯ ದಿಕ್ಕನ್ನೇ ಬದಲಿಸಬಲ್ಲದು. ಮರೆವಿನ ಕಾಯಿಲೆಯಿರುವವರು ರಾತ್ರಿ ಹೊರಗೆ ನಡೆದುಬಿಡುವ ಭಯವಿದ್ದಾಗ ಅವರಿಂದ ಪೂರ್ಣ ಒಪ್ಪಿಗೆ ಪಡೆಯುವುದೂ ಕಷ್ಟ. ಆಗಲೂ ಮಾನದಂಡ ಬದಲಾಗದು. ವೈದ್ಯರು ಓದಿ ಔಷಧ ಹೊಂದಿಸುವ ದಾಖಲೆಗೆ ಬೆಲೆಯಿದೆ, ಯಾರೂ ಓದದ ದಾಖಲೆ ಕಂಪನಿಯ ಸರ್ವರಿನಲ್ಲಿ ಬಿದ್ದಿರುವ ಸರಕು. ಮರೆವಿನವರ ಮನೆಯಲ್ಲಿ ಬಾಗಿಲು ತೆರೆದಾಗ ಸದ್ದು ಮಾಡುವ ಸೆನ್ಸರ್ ಸಾಕಾದರೆ ಕ್ಯಾಮೆರಾ ಬೇಡ.

ಹೀಗಾಗಿ ಸಾಧನ ಕೊಳ್ಳುವ ಮುನ್ನವೇ ಕೆಲವು ವಿಷಯಗಳು ತೀರ್ಮಾನವಾಗಬೇಕು. ಯಾವ ಅಪಾಯಕ್ಕಾಗಿ ನಿಗಾ, ಅದಕ್ಕೆ ಸಾಕಾಗುವ ಅತಿ ಕಡಿಮೆ ಅಳತೆ ಯಾವುದು, ರಾತ್ರಿ ಎರಡಕ್ಕೆ ಸೂಚನೆ ಬಂದರೆ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರಬಲ್ಲ ನೆರೆಯವರು ಯಾರು, ಬೇಡವೆನಿಸಿದಾಗ ಅದನ್ನು ಆರಿಸುವ ಅಧಿಕಾರ ಯಾರದು ಎಂಬುದನ್ನು ನಿಗಾಕ್ಕೆ ಒಳಗಾಗುವವರ ಜೊತೆ ಕುಳಿತೇ ಮಾತಾಡಬೇಕು. ಸರ್ಕಾರ, ಆಸ್ಪತ್ರೆಗಳೂ ಸಾಧನಗಳಿಗೆ ಹಣ ಎತ್ತಿಡುವಾಗ ಸೂಚನೆಗೆ ಓಗೊಡುವ ದಾದಿಯರಿಗೆ, ಆಶಾ ಕಾರ್ಯಕರ್ತೆಯರಿಗೆ, ಆಂಬುಲೆನ್ಸಿಗೆ ಅದೇ ಯೋಜನೆಯಲ್ಲಿ ಹಣ ತೆಗೆದಿರಿಸಬೇಕು.