ರುದ್ರಭೂಮಿಗೆ ಯಾರ ಅಪ್ಪಣೆ?

ನಮ್ಮಲ್ಲಿ ಸತ್ತವನು ಸ್ಮಶಾನದೊಳಕ್ಕೆ ಹೋಗಲು ವೈದ್ಯರ ಒಂದು ಪತ್ರ ಸಾಕು. ಬದುಕಿರುವವನು ಕ್ಯಾಮೆರಾ ಹಿಡಿದು ಹೋಗಬೇಕಾದರೆ ಎಷ್ಟು ಪತ್ರ ಬೇಕೆಂಬುದನ್ನು ಮಾತ್ರ ಯಾವ ಕಚೇರಿಯೂ ನನಗೆ ಖಚಿತವಾಗಿ ಹೇಳಲಿಲ್ಲ. ಇದು ತಮಾಷೆಯ ಸಂಗತಿಯೆಂದು ವಾಚಕರು ನಕ್ಕು ಸುಮ್ಮನಾಗಬಾರದೆಂದೇ ಈ ಲೇಖನ.

ನಾಲ್ಕು ಮಂದಿ ತರುಣರು ಹತ್ತು ನಿಮಿಷದ ಒಂದು ಕಿರುಚಿತ್ರ ತೆಗೆಯಹೊರಟಿದ್ದರು. ಅದರ ಸಂಭಾಷಣೆ ನನ್ನದು. ಗುಂಡಿ ತೋಡುವವನೊಬ್ಬನ ಒಂದು ದಿನದ ಬಾಳು, ಅಷ್ಟೇ ಕಥೆ. ವಯಸ್ಸಿನಲ್ಲಿ ಹಿರಿಯನೆಂದು ಅರ್ಜಿ ಹಿಡಿದು ತಿರುಗುವ ಕೆಲಸ ನನ್ನ ಪಾಲಿಗೆ ಬಂತು. ಊರಿನ ಹೆಸರು ಬೇಡ. ಎಲ್ಲ ಊರಿನ ಹಣೆಬರಹವೂ ಇದೇ ಇರಬಹುದು. ಮೊದಲ ಕಚೇರಿಯವರು ಇದು ಆರೋಗ್ಯ ಶಾಖೆಗೆ ಸೇರಿದ್ದೆಂದರು. ಆರೋಗ್ಯ ಶಾಖೆಯವರು ಎಂಜಿನಿಯರರನ್ನು ತೋರಿಸಿದರು. ಎಂಜಿನಿಯರರು ಪೊಲೀಸ್ ಠಾಣೆಯನ್ನು ತೋರಿಸಿದರು. ಠಾಣೆಯವರು ಬಹು ಮರ್ಯಾದೆಯಿಂದ ಕುಳ್ಳಿರಿಸಿ, ‘ಜಾಗದ ಒಡೆಯರ ಒಪ್ಪಿಗೆ ಪತ್ರ ತನ್ನಿ ಸ್ವಾಮಿ’ ಎಂದರು. ಜಾಗದ ಒಡೆಯರೆಂದರೆ ಮೊದಲನೆಯ ಕಚೇರಿಯವರೇ!

ಸುತ್ತಾಡಿಸಿದ್ದಕ್ಕೆ ನನಗೆ ಕೋಪವಿಲ್ಲ. ಅರ್ಜಿದಾರನ ಕಾಲಿಗೆ ವ್ಯಾಯಾಮ ಕೊಡುವುದು ನಮ್ಮ ಕಚೇರಿಗಳ ಹಳೆಯ ಧರ್ಮ. ನನ್ನ ಆಕ್ಷೇಪಣೆ ಬೇರೆ. ಈ ನಾಲ್ಕು ಕಡೆಯಲ್ಲಿಯೂ ಠೇವಣಿ ಎಷ್ಟು ಕಟ್ಟುವಿರೆಂದು ಕೇಳಿದರು. ನಾಯಕ ನಟ ಯಾರೆಂದು ಕೇಳಿದರು. ಕಥೆ ಏನು, ಯಾರ ಸಮಾಧಿ ಚಿತ್ರದಲ್ಲಿ ಕಾಣುತ್ತದೆ, ನೀವು ಚಿತ್ರ ತೆಗೆಯುತ್ತಿರುವಾಗಲೇ ಒಂದು ಹೆಣ ಬಂದರೆ ಏನು ಮಾಡುವಿರಿ, ಈ ಮೂರು ಪ್ರಶ್ನೆಗಳನ್ನು ಒಬ್ಬರೂ ಕೇಳಲಿಲ್ಲ. ಕೇಳಬೇಕಾದುದನ್ನು ಬಿಟ್ಟು ಕೇಳಬಾರದುದನ್ನು ಕೇಳುವ ಪರವಾನಗಿ ಪದ್ಧತಿಯಿಂದ ಸತ್ತವರಿಗೆ ಯಾವ ಗೌರವ ಸಂದೀತು?

ಹಾಗಾದರೆ ಅಪ್ಪಣೆಯೇ ಬೇಡವೆ? ನಮ್ಮ ತರುಣರಲ್ಲಿ ಕೆಲವರು ಹಾಗೆನ್ನುತ್ತಾರೆ. ಜೇಬಿನ ಮೊಬೈಲಿನಲ್ಲೇ ಚಿತ್ರ ತೆಗೆಯಬಹುದಾದ ಈ ಕಾಲದಲ್ಲಿ ಯಾರನ್ನು ಏಕೆ ಕೇಳಬೇಕು, ಸ್ಮಶಾನ ಸಾರ್ವಜನಿಕ ಸ್ಥಳವಲ್ಲವೆ ಎಂಬುದು ಅವರ ವಾದ. ನಾನು ಇದನ್ನು ಒಪ್ಪಲಾರೆ. ಸ್ಮಶಾನ ಸಾರ್ವಜನಿಕವಾದರೂ ಅಲ್ಲಿಗೆ ಬರುವ ದುಃಖ ಸಾರ್ವಜನಿಕವಲ್ಲ. ಹಸಿ ಮಣ್ಣಿನ ಗುಡ್ಡೆಯ ಮುಂದೆ ಕುಳಿತ ತಾಯಿಯೊಬ್ಬಳು ನಮ್ಮ ಚಿತ್ರದ ಹಿನ್ನೆಲೆಗೆ ಒದಗಿ ಬಂದ ಸಾಮಗ್ರಿಯಲ್ಲ. ಕಾಯಿದೆಗೂ ಈ ವಿವೇಕವಿದೆ. 1860ರ ದಂಡ ಸಂಹಿತೆಯ 297ನೆಯ ಕಲಮಿನಲ್ಲಿದ್ದ ಮಾತು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 301ನೆಯ ಕಲಮಾಗಿ ಉಳಿದಿದೆ. ಯಾರದಾದರೂ ಮನಸ್ಸನ್ನು ನೋಯಿಸುವ ಉದ್ದೇಶದಿಂದಲೋ, ನೋಯುವುದೆಂದು ತಿಳಿದೋ ಸಮಾಧಿಸ್ಥಳವನ್ನು ಅತಿಕ್ರಮಿಸಿದರೆ, ಶವಕ್ಕೆ ಅಗೌರವ ತೋರಿದರೆ, ಅಂತ್ಯಕ್ರಿಯೆಗೆ ಅಡ್ಡಿ ಮಾಡಿದರೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಗಮನಿಸಿರಿ: ಆ ಕಲಮು ಕ್ಯಾಮೆರಾವನ್ನು ಹೆಸರಿಸುವುದಿಲ್ಲ, ಉದ್ದೇಶವನ್ನು ನೋಡುತ್ತದೆ. ಆ ಉದ್ದೇಶವನ್ನೇ ನಮ್ಮ ಕಚೇರಿಗಳು ವಿಚಾರಿಸುವುದಿಲ್ಲ.

ಇನ್ನೊಂದು ಪಕ್ಷದವರಿದ್ದಾರೆ. ಸ್ಮಶಾನ ಪವಿತ್ರವಾದುದು, ಅಲ್ಲಿ ನಾಟಕ ಸಿನಿಮಾಗಳ ಸೋಂಕೇ ಕೂಡದು ಎನ್ನುವವರು. ಇವರು ನಮ್ಮ ಪರಂಪರೆಯನ್ನು ಮರೆತಿದ್ದಾರೆ. ಅಯೋಧ್ಯೆಯ ದೊರೆಯನ್ನು ಸುಡುಗಾಡಿನ ಕಾವಲಿಗೆ ನಿಲ್ಲಿಸಿ, ಅಲ್ಲಿ ಅವನ ಸತ್ಯವನ್ನು ಒರೆಗೆ ಹಚ್ಚಿದ ಕಾವ್ಯವನ್ನು ಕನ್ನಡಕ್ಕೆ ಕೊಟ್ಟವನು ರಾಘವಾಂಕ. 1913ರಲ್ಲಿ ಫಾಲ್ಕೆಯವರು ಭಾರತದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರಕ್ಕೆ ಆರಿಸಿಕೊಂಡದ್ದು ಇದೇ ಹರಿಶ್ಚಂದ್ರನನ್ನು. 1965ರಲ್ಲಿ ರಾಜ್‌ಕುಮಾರರ ‘ಸತ್ಯ ಹರಿಶ್ಚಂದ್ರ’ವನ್ನು ನೋಡಿ ಕಣ್ಣೊರೆಸಿಕೊಂಡ ಮನೆಗಳು ಎಷ್ಟೋ. 1970ರ ‘ಸಂಸ್ಕಾರ’ದಲ್ಲಿಯೂ ಕಥೆಯೆಲ್ಲ ನಿಂತಿರುವುದು ಒಂದು ಹೆಣಕ್ಕೆ ಯಾರು ಸಂಸ್ಕಾರ ಮಾಡಬೇಕೆಂಬ ಪ್ರಶ್ನೆಯ ಮೇಲೆಯೇ. ಸೆನ್ಸಾರಿನವರು ಮೊದಲು ತಡೆದ ಆ ಚಿತ್ರಕ್ಕೆ ಆಮೇಲೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಬಂತು. ಸುಡುಗಾಡನ್ನು ಕಲೆಯಿಂದ ಹೊರಗಿಟ್ಟರೆ ನಮ್ಮ ಸಾಹಿತ್ಯದ ಮರ್ಮಸ್ಥಾನವನ್ನೇ ಹೊರಗಿಟ್ಟಂತೆ.

ಅಲ್ಲದೆ, ಕ್ಯಾಮೆರಾ ಈ ಗೇಟನ್ನು ಎಂದೂ ದಾಟಿಲ್ಲವೆಂದು ಹೇಳುವಂತೆಯೂ ಇಲ್ಲ. 2021ರ ಏಪ್ರಿಲ್, ಮೇ ತಿಂಗಳುಗಳನ್ನು ನೆನೆದುಕೊಳ್ಳಿ. ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿದುವು. ಜಾಗ ಸಾಲದೆ ಗಿಡ್ಡೇನಹಳ್ಳಿಯ ಬಯಲಿನಲ್ಲಿ ಚಿತೆಗಳು ಉರಿದುವು. ಆ ಬೆಂಕಿಯನ್ನು ದೇಶವೆಲ್ಲ ಮನೆಯಲ್ಲಿ ಕುಳಿತು ನೋಡಿತು. ಆ ಸುದ್ದಿ ಹೊರಬರಬೇಕಾಗಿತ್ತು, ನಿಜ. ಆದರೆ ಹಗಲಿರುಳು ಹೆಣ ಇಳಿಸಿದವರ ಮುಖ ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ? ಬೆಂಕಿ ನೆನಪಿದೆ, ಬೆಂಕಿಯ ಮುಂದೆ ನಿಂತವನು ಮರೆತುಹೋದ. ಅವನನ್ನು ಸಾವಧಾನವಾಗಿ ನೋಡಬೇಕೆನ್ನುವ ಹತ್ತು ನಿಮಿಷದ ಚಿತ್ರಕ್ಕೆ ನಾಲ್ಕು ಕಚೇರಿಯ ಬಾಗಿಲು ತೆರೆಯಲಿಲ್ಲ. ಹಣವುಳ್ಳ ನಿರ್ಮಾಪಕನಿಗೆ ಇದು ತೊಡಕಲ್ಲ. ಅವನು ಸ್ಟುಡಿಯೋದಲ್ಲಿ ಥರ್ಮಾಕೋಲಿನ ಗೋರಿಗಳನ್ನು ಕಟ್ಟಿಸಿಕೊಳ್ಳುತ್ತಾನೆ. ಸೋಲುವವರು ಕೈಯಲ್ಲಿ ಕಾಸಿಲ್ಲದೆ, ಕಣ್ಣಿನಲ್ಲಿ ಕಥೆಯಿಟ್ಟುಕೊಂಡು ಬಂದ ಹುಡುಗರು.

ನಿಯಮ ಬರೆಯುವುದು ಬ್ರಹ್ಮವಿದ್ಯೆಯೇನಲ್ಲ. ವಿಜಯಪುರದ ಗೋಳಗುಮ್ಮಟವೂ ಒಂದು ಸಮಾಧಿಯೇ, ಮಹಮದ್ ಆದಿಲ್‌ಶಾಹನದು. ಅಂಥ ಸಂರಕ್ಷಿತ ಸ್ಮಾರಕಗಳಲ್ಲಿ ಸಿನಿಮಾ ತೆಗೆಯಲು ಪುರಾತತ್ತ್ವ ಇಲಾಖೆಯ ಪರವಾನಗಿ ಬೇಕೆಂದು 1959ರಷ್ಟು ಹಿಂದೆಯೇ ನಿಯಮವಾಗಿದೆ. ಚೆನ್ನೈನ ನಂದಂಬಾಕ್ಕಂನಲ್ಲಿ ಯುದ್ಧದಲ್ಲಿ ಮಡಿದ ಸೈನಿಕರ ಸಮಾಧಿಸ್ಥಳವಿದೆ. ಅಲ್ಲಿ ಯಾರನ್ನು ಕೇಳಬೇಕೆಂಬ ಸಂಶಯವಿಲ್ಲ, ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗವನ್ನು ಕೇಳಬೇಕು. ಸುಲ್ತಾನನ ಗೋರಿಗೂ ಸೈನಿಕನ ಗೋರಿಗೂ ಇರುವ ವ್ಯವಸ್ಥೆ ಸಾಮಾನ್ಯನ ಗೋರಿಗೆ ಏಕಿರಬಾರದು?

ನಾನು ಕೇಳುವುದು ಹೆಚ್ಚೇನಲ್ಲ. ಅರ್ಜಿ ಕೊಡಲು ಒಂದೇ ಮೇಜು. ಹತ್ತು ದಿನದೊಳಗೆ ಉತ್ತರ. ಇಲ್ಲವೆಂದರೆ ಕಾರಣ ಬರಹದಲ್ಲಿ. ಕ್ರೈಸ್ತರ, ಮುಸಲ್ಮಾನರ, ಲಿಂಗಾಯತರ ಸ್ವಂತ ಭೂಮಿಗಳಲ್ಲಿ ಆಯಾ ಸಮಿತಿಯ ಮಾತೇ ಕೊನೆಯ ಮಾತು. ಅಂತ್ಯಕ್ರಿಯೆ ನಡೆಯುವಾಗ ಕ್ಯಾಮೆರಾ ಮುಚ್ಚಿರಬೇಕು. ಕಲ್ಲಿನ ಮೇಲಿನ ಹೆಸರು ಓದಲು ಬರುವಂತೆ ತೋರಿಸುವುದಾದರೆ ಮನೆಯವರ ಒಪ್ಪಿಗೆ ಬೇಕು. ಶುಲ್ಕ ತಂಡದ ಗಾತ್ರಕ್ಕೆ ತಕ್ಕಂತಿರಲಿ. ಐದು ಮಂದಿಯ ಹುಡುಗರಿಗೂ ಐವತ್ತು ಮಂದಿಯ ಕಂಪನಿಗೂ ಒಂದೇ ದರ ನ್ಯಾಯವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಗುಂಡಿ ತೋಡುವವರನ್ನು ಕೇಳಬೇಕು. ಅವರ ಕೆಲಸ ನಿಂತ ಹೊತ್ತಿಗೆ ಕೂಲಿ ಕಟ್ಟಿಕೊಡಬೇಕು. ಆ ನೆಲವನ್ನು ಅವರಷ್ಟು ಬಲ್ಲ ಅಧಿಕಾರಿ ಯಾವ ಮೇಜಿನ ಹಿಂದೆಯೂ ಇಲ್ಲ.

ಬೆಂಗಳೂರಿನ ಒಂದು ಮಹಾನಗರ ಪಾಲಿಕೆ 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾಯಿತು. ಹೊಸ ಕಚೇರಿ, ಹೊಸ ನಾಮಫಲಕ, ಹೊಸ ಕಡತಗಳು. ಇಷ್ಟೆಲ್ಲ ಹೊಸದನ್ನು ಮಾಡುವವರು ಇದಕ್ಕಾಗಿಯೂ ಒಂದು ಹಾಳೆಯ ನಿಯಮವನ್ನು ಅಚ್ಚು ಮಾಡಿಸಿ, ರುದ್ರಭೂಮಿಯ ಗೇಟಿಗೆ ಅಂಟಿಸಲಿ. ಉಳಿದ ಊರುಗಳು ಅದನ್ನು ನೋಡಿ ಬರೆದುಕೊಳ್ಳುತ್ತವೆ.